ಆಯಿಯ ಹಿಂಗೈ ಪರೀಕ್ಷೆ

ಒಂದು ವಿಷಯದ ಮೇಲೆ ಮೂರು ವಿಡಿಯೊ ನೋಡಿದವನು ಪಂಡಿತನಾಗುತ್ತಾನೆ, ಮೂವತ್ತು ನೋಡಿದವನು ಮನೆಯವರಿಗೆ ಕಾಟವಾಗುತ್ತಾನೆ. ಚೀಸಿನ ವಿಷಯದಲ್ಲಿ ನಾನು ಎರಡನೆಯ ಜಾತಿ. ಯಾವುದೋ ಬೆಟ್ಟದ ಊರಲ್ಲಿ ಕೈಯಿಂದಲೇ ಮಾಡಿದ ಚೀಸು, ಐಸ್ ಚೀಲಗಳ ನಡುವೆ ರಾಜನ ಹಾಗೆ ಕೂತು, ಉಣಕಲ್ಲಿನ ನಮ್ಮ ಮನೆಗೆ ಕೊರಿಯರಿನಲ್ಲಿ ಬಂತು. ಎರಡು ತುಂಡು. ಒಂದು ಗಟ್ಟಿ, ಇನ್ನೊಂದರ ಮೈತುಂಬ ನೀಲಿ ಗೆರೆ. ಫ್ರಿಜ್ಜಿನಲ್ಲಿಟ್ಟು ಸ್ನಾನ ಮಾಡಿ ಬರುವಷ್ಟರಲ್ಲಿ ಅವ್ವ ಚಾಕು ಹಿಡಿದು ನೀಲಿಯನ್ನೆಲ್ಲ ಕೆರೆದು ತೆಗೆದಿದ್ದಳು. ನಾನು ಅದನ್ನು ತರಿಸಿದ್ದೇ ಆ ಗೆರೆಗಳಿಗಾಗಿ!

“ಬರೋದ್ರಾಗ ಬೂಷ್ಟು ಹಿಡದಿತ್ತು, ಸ್ವಚ್ಛ ಮಾಡೇನಿ” ಎಂದಳು. ರುಚಿ ಇರುವುದೇ ಅದರಲ್ಲಿ ಎಂದೆ. “ಹಂಗಾರ ಹೋದ ವಾರ ಬ್ರೆಡ್ ಯಾಕ ಚೆಲ್ಲಿದಿ? ಅದರ ಮ್ಯಾಲೂ ಇತ್ತಲ್ಲ ರುಚಿ!” ನಾನು ಫೋನು ತೆಗೆದು ವಿಡಿಯೊ ಹುಡುಕತೊಡಗಿದೆ. ಕೂಡಲೇ ತೀರ್ಪು ಬಂತು: “ನನ್ನ ಮೊಸರಿನ ಬಾಜೂಕ ಬೂಷ್ಟು ಇಡೂದಿಲ್ಲ. ಇವತ್ತ ಊಟದಾಗ ಮನ್ಯಾಗ ಇನ್ನೊಬ್ಬರು ಯಾರರ ಛಲೋ ಐತಿ ಅಂದ್ರ ಸರಿ. ಇಲ್ಲಂದ್ರ ಇನ್ನ ಮುಂದ ಪಾರ್ಸಲ್ ಬಂದ್.”

ಅಪ್ಪ ಗಟ್ಟಿಯದನ್ನು ಕಚ್ಚಿ, “ಜಳಕದ ಸಬಕಾರ ಇದಕ್ಕಿಂತ ಮೆತ್ತಗ ಇರತೈತಿ” ಎಂದು ಉಳ್ಳಾಗಡ್ಡಿಯ ಕಡೆ ಹೊರಳಿದರು. ಉಳಿದವಳು ಆಯಿ, ನಮ್ಮ ಅಜ್ಜಿ. ಅಮ್ಮಿನಬಾವಿಯಿಂದ ಬೆಣ್ಣೆ ತರುವಾಕೆ ಇವಳೆದುರು ಪರೀಕ್ಷೆಗೆ ಬಂದವಳಂತೆ ನಿಲ್ಲುತ್ತಾಳೆ. ಹಿಂಗೈಗೆ ಚೂರು ತಿಕ್ಕಿ ಮೂಸಿ, ಎಮ್ಮೆ ಏನು ಮೇದಿತ್ತೆಂದು ಹೇಳುವ ಆಯಿ ನಮ್ಮವಳು.

ಅವ್ವ ಕೆರೆದಿಟ್ಟ ತುಂಡನ್ನೇ ಎತ್ತಿಕೊಂಡು ಆಯಿ ಕೇಳಿದಳು: “ಇದಕ್ಕ ಹೆಪ್ಪು ಏನ ಹಾಕ್ಯಾರ?”

“ಗಿಡದಿಂದ ತಗದದ್ದು, ಆಯಿ. ಕೆಲವರು ಕರುವಿನ ಹೊಟ್ಟಿಯಿಂದ ತಗದ ಹೆಪ್ಪು ಹಾಕ್ತಾರ, ಇದು ಅದಲ್ಲ, ಚೀಟ್ಯಾಗ ಬರದಾರ.”

ಹಿಂಗೈಗೆ ತಿಕ್ಕಿದಳು, ಮೂಸಿದಳು. “ಬರೇ ಥಂಡಿ ತಾಗತೈತಿ. ಕಲ್ಲಾದ ಬೆಣ್ಣಿ ಯಾರರ ಮೂಸ್ತಾರೇನೋ, ಶ್ಯಾಣ್ಯಾ?” ಎಂದು ತುಂಡನ್ನು ಬಿಸಿ ರೊಟ್ಟಿಯ ಮೇಲಿಟ್ಟು ಕಾದಳು. ಆಗ ನೆನಪಾಯಿತು: ತಿನ್ನುವ ಮೊದಲು ಚೀಸನ್ನು ಹೊರಗಿಡಿ ಎಂಬುದೇ ಎಲ್ಲ ವಿಡಿಯೊಗಳ ಮೊದಲ ಮಾತು. ನಾನೋ ಮೊದಲ ನಿಮಿಷವನ್ನು ಯಾವಾಗಲೂ ಓಡಿಸಿಬಿಡುವವನು.

ತುಂಡಿನ ಅಂಚು ಮೆತ್ತಗಾಯಿತು. ಆಯಿ ಶೇಂಗಾ ಚಟ್ನಿ ಉದುರಿಸಿ ಬಾಯಿಗಿಟ್ಟಳು. ಅವ್ವನ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಛಲೋ ಐತಿ” ಎಂದಳು ಆಯಿ. “ರುಚಿ ಅಂದ್ಯಲ್ಲ, ಆ ನೀಲಿ ಎಲ್ಲೈತಿ? ಅದನ್ನೂ ತಾ.”

ಅವ್ವ ಮೆಲ್ಲಗೆ ಕಸದ ಬುಟ್ಟಿಯ ಕಡೆ ನೋಡಿದಳು. ಗೆದ್ದೆ! ಮೊಸರಿನ ಪಾತ್ರೆ ಕೆಳಗಿಳಿಯಿತು, ಫ್ರಿಜ್ಜಿನ ಮೇಲಿನ ಖಾನೆ ನನ್ನದಾಯಿತು. ನಮ್ಮ ಉಣಕಲ್ ಕೆರೆಯ ಸುತ್ತ ಒಂದು ಮೆರವಣಿಗೆ ತೆಗೆಯಬೇಕೆನಿಸಿತು.

ಈಗ ತಿಂಗಳಿಗೊಂದು ಪಾರ್ಸಲ್ ತಪ್ಪದೆ ಬರುತ್ತದೆ. ಮನೆಗೆ ಬಂದವರಿಗೆ ಚೀಸಿನ ಗುಣಗಳನ್ನು ವಿವರಿಸುವವಳು ಆಯಿ. ತಟ್ಟೆ ಹಿಡಿದು ನಿಲ್ಲುವುದು ಮೂವತ್ತು ವಿಡಿಯೊ ನೋಡಿದ ನನ್ನ ಕೆಲಸ. ನಡುವೆ ನಾನು ಬಾಯಿ ಹಾಕಿದರೆ ಅತಿಥಿಗಳಿಗೆ ಹೇಳುತ್ತಾಳೆ: “ಇವಗ ಇನ್ನಾ ಅಷ್ಟು ತಿಳಿಯಂಗಿಲ್ರಿ. ಥಂಡಿ ಇದ್ದದ್ದನ್ನ ತಿನ್ನಾಕ ಹೊಂಟಿದ್ದ.”