ಎಡತೋಳಿನ ಎಲೆ

ಭಾನುವಾರದ ಪುರವಣಿಯಲ್ಲಿ ಒಬ್ಬ ಚಿತ್ರಕಾರರ ಸಂದರ್ಶನ ಬಂದಿತ್ತು. ತಮ್ಮ ಮೇಲೆ ಯಾರ್ಯಾರ ಪ್ರಭಾವವಾಗಿದೆ ಎಂದು ಅವರು ಅರ್ಧ ಪುಟ ಹೇಳಿಕೊಂಡಿದ್ದರು. ಓದಿ ನನಗೆ ಹೊಟ್ಟೆ ಉರಿಯಿತು. ಅವರು ಇನ್ನೊಬ್ಬರನ್ನು ನೋಡಿ ಚಿತ್ರ ಬರೆದರೆ ಪ್ರಭಾವ, ನಾನು ಇನ್ನೊಬ್ಬರನ್ನು ನೋಡಿ ಬ್ಲೌಸ್ ಹೊಲಿಸಿದರೆ ಕಾಪಿ. ಇದು ಯಾವೂರ ನ್ಯಾಯ? ನಾನಂತೂ ಬುದ್ಧಿ ಬಂದಾಗಿನಿಂದ ಪ್ರಭಾವದಲ್ಲೇ ಬಾಳಿದವಳು. ಹೈಸ್ಕೂಲಿನಲ್ಲಿ ಪಕ್ಕದ ಬೆಂಚಿನವಳ ಜಡೆ, ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ಸೆರಗಿಗೆ ಪಿನ್ ಹಾಕುವ ರೀತಿ, ಮದುವೆಯಾದ ಮೇಲೆ ಸರೋಜಕ್ಕ.

ಸರೋಜಕ್ಕ ನಮ್ಮ ಯಜಮಾನರ ಅಣ್ಣನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ಅವರ ಮನೆ ಕುಣಿಗಲ್‌ನಲ್ಲಿ. ನಮ್ಮದು ತುಮಕೂರು ಪಟ್ಟಣದ ಶೆಟ್ಟಿಹಳ್ಳಿ ಬಡಾವಣೆ. ನನಗೆ ಗುಬ್ಬಿಯ ಒಂದು ಆಫೀಸಿನಲ್ಲಿ ಕೆಲಸ. ನ್ಯಾಯವಾಗಿ ನೋಡಿದರೆ ನಾನೇ ಹೆಚ್ಚು ಪೇಟೆಯವಳು. ಆದರೆ ಪಫ್ ತೋಳು ಹೋಯಿತು, ಬೆನ್ನಿಗೆ ದಾರ ಬಂತು ಎಂಬ ಸುದ್ದಿಯೆಲ್ಲ ನನಗೆ ತಲುಪುತ್ತಿದ್ದುದು ಕುಣಿಗಲ್‌ನಿಂದ. ಒಂದು ಗೃಹಪ್ರವೇಶದಲ್ಲಿ ಸರೋಜಕ್ಕ ಹಾಕಿದ್ದನ್ನು ನಾನು ಮುಂದಿನ ನಾಮಕರಣಕ್ಕೆ ಹೊಲಿಸಿಕೊಂಡು ಹೋಗುತ್ತಿದ್ದೆ. ಅಷ್ಟರಲ್ಲಿ ಅವರು ಅದನ್ನು ಬಿಟ್ಟಿರುತ್ತಿದ್ದರು. "ಅದನ್ನ ಇನ್ನೂ ಹಾಕ್ತಿದೀಯೇನೇ ಲಲಿತಾ?" ಎಂದು ಕೇಳುತ್ತಿದ್ದರು, ಪ್ರೀತಿಯಿಂದಲೇ. ನನ್ನ ಸಂಕಟ ಇದ್ದದ್ದೇ ಅಲ್ಲಿ. ಪ್ರೀತಿಯಿಂದ ಕೇಳುವವರ ಹತ್ತಿರ ಜಗಳವಾಡುವುದಾದರೂ ಹೇಗೆ? ಜೀವಮಾನದಲ್ಲಿ ಒಂದೇ ಒಂದು ಸಲ ಸರೋಜಕ್ಕ ನನ್ನನ್ನು ನೋಡಿ ಏನಾದರೂ ಹೊಲಿಸಿಕೊಳ್ಳಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದೂ ಉಂಟು. ದೇವರಿಗೆ ಬೇರೆ ಕೆಲಸವಿರುತ್ತದೆ, ನಿಜ.

ತೊಂಬತ್ತರ ದಶಕದ ಕೊನೆಯಲ್ಲಿ ನಾದಿನಿಯ ಮಗಳ ಮದುವೆ ಕುಣಿಗಲ್‌ನಲ್ಲಿ ಗೊತ್ತಾಯಿತು. ರೇಷ್ಮೆ ಸೀರೆಗೆ ಬ್ಲೌಸ್ ಹೊಲಿಯಲು ನಮ್ಮ ಟೈಲರ್ ರಂಗಸ್ವಾಮಿಗೆ ಕೊಟ್ಟೆ. ಹೊಸ ಬಟ್ಟೆಯ ಜೊತೆ ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಅಳತೆ ಬ್ಲೌಸ್ ಎಂದು ಕೊಡುವುದು ನಮ್ಮೆಲ್ಲರ ಪದ್ಧತಿ. ನಾನು ಕೊಟ್ಟದ್ದು ಮನೆಯಲ್ಲಿ ಹಾಕುವ ಕಾಟನ್ ಬ್ಲೌಸ್. ಒಮ್ಮೆ ಇಸ್ತ್ರಿ ಮಾಡುವಾಗ ಹಾಲು ಉಕ್ಕಿತೆಂದು ಒಳಗೆ ಓಡಿ, ಅದರ ಎಡತೋಳನ್ನು ಸುಟ್ಟುಕೊಂಡಿದ್ದೆ. ತೂತು ಮುಚ್ಚಲು ಬೇರೆ ಬಣ್ಣದ ಚೂರೊಂದನ್ನು ಮಾವಿನೆಲೆಯ ಹಾಗೆ ಕತ್ತರಿಸಿ ತೇಪೆ ಹಾಕಿದ್ದೆ. ಹಿಂದಿನ ಸಲ ರಂಗಸ್ವಾಮಿ ತನ್ನ ಬುದ್ಧಿ ಓಡಿಸಿ ಕುತ್ತಿಗೆ ಅಗಲ ಮಾಡಿದ್ದಕ್ಕೆ ನಾನು ಅಂಗಡಿಯ ಮುಂದೆಯೇ ಕೂಗಾಡಿದ್ದೆ. ಅದಕ್ಕೇ ಈ ಸಲ, ಅಳತೆ ಬ್ಲೌಸ್‌ನಲ್ಲಿ ಹೇಗಿದೆಯೋ ಹಾಗೇ ಇರಬೇಕು, ಒಂದೆಳೆಯೂ ಆಚೀಚೆ ಆಗಕೂಡದು ಎಂದು ಎರಡೆರಡು ಸಲ ಹೇಳಿ ಬಂದೆ.

ಪುಣ್ಯಾತ್ಮ ಮದುವೆಯ ದಿನ ಬೆಳಿಗ್ಗೆ, ನಾವು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ, ಕವರಿನಲ್ಲಿ ಹಾಕಿ ಕೊಟ್ಟ. ಛತ್ರದ ಕೋಣೆಯಲ್ಲಿ ಬಿಚ್ಚಿ ನೋಡಿದರೆ ನನ್ನ ಹೊಸ ರೇಷ್ಮೆ ಬ್ಲೌಸಿನ ಎಡತೋಳಿನ ಮೇಲೆ ಒಂದು ಮಾವಿನೆಲೆ. ಹಳೆಯದರಲ್ಲಿ ತೇಪೆ ಎಲ್ಲಿತ್ತೋ ಅಲ್ಲೇ, ಅಷ್ಟೇ ಉದ್ದ, ಅಷ್ಟೇ ಓರೆ. ಮಿಕ್ಕಿದ ಜರಿ ಅಂಚಿನ ಚೂರಿನಿಂದ ಕತ್ತರಿಸಿದ್ದ ಎನ್ನುವುದೊಂದೇ ವ್ಯತ್ಯಾಸ. ನನಗೆ ಅಳು ಬಂತು. ಬೇರೆ ಬ್ಲೌಸ್ ತಂದಿರಲಿಲ್ಲ. ಹಾಕಿಕೊಂಡು, ಎಡತೋಳಿಗೆ ಸೆರಗು ಹೊದ್ದು ಹೊರಗೆ ಬಂದೆ. ಆರತಿ ತಟ್ಟೆ ಹಿಡಿಯುವಾಗ ಸೆರಗು ಜಾರಿತು. ಇದ್ಯಾವ ಡಿಸೈನು ಎಂದು ನಾಲ್ಕು ಜನ ಒಟ್ಟಿಗೆ ಕೇಳಿದರು. "ಬಾಂಬೆ ಕಡೆ ಈಗ ಇದೇ ನಡೀತಿರೋದು" ಅಂದುಬಿಟ್ಟೆ. ಬಾಂಬೆಯನ್ನು ನಾನು ಮ್ಯಾಪಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ಸರೋಜಕ್ಕ ಹತ್ತಿರ ಬಂದು ತೋಳನ್ನು ಎರಡು ಸಲ ತಿರುಗಿಸಿ ನೋಡಿ ಹೋದರು.

ಆರು ತಿಂಗಳು ಕಳೆಯುವುದರೊಳಗೆ ಎಲೆ ಎಲ್ಲೆಲ್ಲೂ ಹಬ್ಬಿತು. ನಿಟ್ಟೂರಿನಿಂದ ಬರುವ ನಮ್ಮ ಆಫೀಸಿನ ಟೈಪಿಸ್ಟ್ ತೋಳಿನಲ್ಲಿ ಎಲೆ, ಗುಬ್ಬಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ತೋಳಿನಲ್ಲಿ ಎಲೆ. ಒಂದು ಸತ್ಯನಾರಾಯಣ ಪೂಜೆಗೆ ಸರೋಜಕ್ಕ ಎರಡೂ ತೋಳಿಗೆ ಎಲೆ ಇಡಿಸಿ, ಸುತ್ತ ಮಣಿ ಹಾಕಿಸಿಕೊಂಡು ಬಂದರು. ಆ ದಿನ ನಾನು ಎಷ್ಟು ಸಪಾದ ತಿಂದೆನೋ ನನಗೇ ನೆನಪಿಲ್ಲ. ಸಂತೋಷಕ್ಕೆ ಹೊಟ್ಟೆಯ ಲೆಕ್ಕ ಎಲ್ಲಿರುತ್ತದೆ.

ಸಂತೋಷ ಬಾಳಿದ್ದು ಅದೇ ನಾದಿನಿಯ ಮಗಳ ಸೀಮಂತದವರೆಗೆ. ನಮ್ಮ ಬಳಗಕ್ಕೆ ಸೊಸೆಯಾಗಿ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ತೋಳು ನೋಡಿ, "ನೀವೂ ಸರೋಜತ್ತೇನ ನೋಡಿ ಹೊಲ್ಸಿದ್ರಾ ಆಂಟಿ?" ಎಂದಳು. ಸುತ್ತಲಿದ್ದವರೆಲ್ಲ ಹೂಂ ಹೂಂ ಎಂದು ತಲೆಯಾಡಿಸಿದರು. ಅಷ್ಟು ವರ್ಷದಿಂದ ಎಲ್ಲವೂ ಸರೋಜಕ್ಕನಿಂದಲೇ ಬಂದದ್ದು, ಇದೊಂದು ಬೇರೆ ಕಡೆಯಿಂದ ಬಂದೀತೆಂದು ಯಾರಿಗೆ ಹೊಳೆಯಬೇಕು? ನನ್ನ ಮೈಯೆಲ್ಲ ಉರಿಯಿತು. ಮಾನ ಹೋದರೂ ಹೋಗಲಿ, ಹೆಸರು ಉಳಿಯಲಿ ಎಂದು ಎಲ್ಲವನ್ನೂ ಒದರಿದೆ. ಬಾಂಬೆ ಸುಳ್ಳು, ಸುಟ್ಟದ್ದು, ತೇಪೆ, ರಂಗಸ್ವಾಮಿ, ಒಂದನ್ನೂ ಬಿಡಲಿಲ್ಲ. ಮುಗಿಸಿದಾಗ ಅಲ್ಲಿದ್ದ ಹೆಂಗಸರೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಥೆ ಚೆನ್ನಾಗಿ ಕಟ್ಟುತ್ತೀಯೆಂದು ಅತ್ತೆ ಬೆನ್ನು ತಟ್ಟಿದರು. ಒಬ್ಬರೂ ನಂಬಲಿಲ್ಲ.

ಸರೋಜಕ್ಕ ಮಾತ್ರ ನಗಲಿಲ್ಲ. ನನ್ನನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡರು. "ನನ್ನ ನೋಡಿ ಹೊಲ್ಸೋದ್ರಲ್ಲಿ ಏನೇ ನಾಚ್ಕೆ? ನಾನೇನ್ ಬೇರೆಯವ್ಳಾ? ಇಷ್ಟು ದೊಡ್ಡ ಕಥೆ ಯಾಕ್ ಹೇಳ್ಬೇಕಿತ್ತು, ನನ್ನೇ ಕೇಳಿದ್ರೆ ಹೇಳ್ಕೊಡ್ತಿರ್ಲಿಲ್ವಾ?" ಎಂದರು. ಕಣ್ಣಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಎಲೆ ತಮ್ಮದೇ ಎಂದು ಅವರು ಮನಸಾರೆ ನಂಬಿದ್ದರು. ಆಡಬೇಕಾದ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ.

"ಹಂಗಾದ್ರೆ ಗೌರಿ ಹಬ್ಬಕ್ಕೆ ಕುತ್ತಿಗೆ ಯಾವ ಥರ ಇಡಿಸ್ಲಿ ಅಕ್ಕಾ?" ಎಂದು ಕೇಳಿದೆ.

ಹೇಳಿದರು. ಇಡಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಚೆನ್ನಾಗಿಯೇ ಒಪ್ಪುತ್ತದೆ.