ಸೀತಾಲಕ್ಷ್ಮಮ್ಮ ಕಾಫಿ ಬಿಟ್ಟ ಶನಿವಾರ

ಶನಿವಾರ ಬೆಳಿಗ್ಗೆ ಕೃಪಾಕರ ಅಡುಗೆಮನೆಯ ನೆಲದ ಮೇಲೆ ಕೂತು, ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಹಿತುಕುತ್ತಿದ್ದ. ಎರಡು ಬೆರಳ ನಡುವೆ ಒತ್ತಿದರೆ ಕಾಳು ಸಿಪ್ಪೆ ಬಿಟ್ಟು ಬೋಗುಣಿಗೆ ಹಾರುತ್ತಿತ್ತು. ಮನೆಯಲ್ಲಿ ಅದೊಂದೇ ಸದ್ದು. ಎದುರಿಗೆ ಹೆಂಡತಿ ಎಸ್ತರ್ ಕೂಡ ಹಿತುಕುತ್ತಿದ್ದಳು. ಕಾಲೇಜಿಗೆ ರಜೆ ಇದ್ದ ಮಗಳು ಸ್ತುತಿ ಗೋಡೆಗೊರಗಿ ಫೋನು ನೋಡುತ್ತಿದ್ದಳು.

ಕೃಪಾಕರನಿಗೆ ಮಾತ್ರ ಮೈಕಿನದೇ ಚಿಂತೆ. ಸಾಯಂಕಾಲ ಅವರ ಚರ್ಚಿನ ಸಭೆಯಲ್ಲಿ ಕೃತಜ್ಞತಾ ಕೂಟ. ವರ್ಷ ಮುಗಿಯುವ ಮುಂಚೆ ಕೆಲವರು ಮೈಕಿನ ಮುಂದೆ ನಿಂತು, ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರಿಗೂ ಹೇಳಬೇಕು. ಸಾಕ್ಷಿ ಹೇಳುವುದು ಎನ್ನುತ್ತಾರೆ ಅದಕ್ಕೆ. ಈ ಸಲ ಪಾದ್ರಿ ಅಯ್ಯನವರು ಚರ್ಚಿನ ಬಾಗಿಲಲ್ಲೇ ಅವನ ಕೈ ಹಿಡಿದು, "ನೀವು ಹೇಳಲೇಬೇಕು ಕೃಪಾಕರ್" ಎಂದುಬಿಟ್ಟಿದ್ದರು.

ಕೃಪಾಕರನಿಗೆ ಕೃತಜ್ಞತೆ ಇರಲಿಲ್ಲವೆಂದಲ್ಲ. ದಿನಾ ರಾತ್ರಿ ಹಾಸಿಗೆಯಲ್ಲಿ ಕೂತು ದೇವರಿಗೆ ಸ್ತೋತ್ರ ಹೇಳಿಯೇ ಮಲಗುತ್ತಿದ್ದ. ಆದರೆ ಅದು ಕಣ್ಣು ಮುಚ್ಚಿ, ಬಾಯಿಯನ್ನೂ ಮುಚ್ಚಿ ಹೇಳುವ ಸ್ತೋತ್ರ. ಮೈಕು ಕಂಡರೆ ಅವನ ನಾಲಿಗೆ ತುಕ್ಕು ಹಿಡಿದ ಷಟರಿನ ಹಾಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು.

"ಸಾಯಂಕಾಲ ಏನ್ ಹೇಳ್ತೀರಾ?" ಎಂದಳು ಎಸ್ತರ್.

ಅವನು ಒಂದು ಕಾಳು ಹಿತುಕಿದ.

"ಎದ್ದಾಗಿಂದ ನೋಡ್ತಿದೀನಿ, ಒಂದು ಮಾತಿಲ್ಲ. ಯಾಕ್ರೀ, ಗಂಟ್ಲೇನಾದ್ರೂ ಹೋಯ್ತಾ?"

ಕೃಪಾಕರ ತಲೆಯೆತ್ತಿದ. ತಾನು ಸುಳ್ಳು ಹೇಳಲೇ ಇಲ್ಲ ಎಂದು ಆಮೇಲೆ ಅವನು ತನಗೆ ತಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡ. ನಿಜವೇ. ಅವನು ಹೇಳಲಿಲ್ಲ. ಗಂಟಲ ಮೇಲೆ ಕೈಯಿಟ್ಟು ಹೌದೆಂದು ತಲೆಯಾಡಿಸಿದ, ಅಷ್ಟೆ.

"ಅಯ್ಯೋ ದೇವ್ರೇ!" ಎಂದಳು ಎಸ್ತರ್. ಅವಳು ಕೈ ಒರೆಸಿಕೊಂಡು ಏಳುವುದರೊಳಗೆ ಸ್ತುತಿ ಸಭೆಯ ವಾಟ್ಸಾಪ್ ಗುಂಪಿಗೆ ಪ್ರಾರ್ಥನಾ ವಿನಂತಿ ಹಾಕಿಯಾಗಿತ್ತು. ಅಪ್ಪನ ಸ್ವರ ಪೂರ್ತಿ ನಿಂತುಹೋಗಿದೆ, ದಯವಿಟ್ಟು ಎಲ್ಲರೂ ಪ್ರಾರ್ಥಿಸಿ. ಮುಗಿದ ಕೈಗಳ ಚಿತ್ರಗಳು ಮಳೆಹುಳುಗಳಂತೆ ಬಂದು ಮುತ್ತಿಕೊಂಡವು.

ಮೊದಲು ಫೋನು ಮಾಡಿದವರು ಸ್ತ್ರೀಯರ ಕೂಟದ ಕರುಣಮ್ಮ. ಎಸ್ತರ್ ಸ್ಪೀಕರಿಗೆ ಹಾಕಿದಳು.

"ಎಸ್ತರ್, ಬೈಬಲಲ್ಲಿ ಜಕರೀಯನಿಗೂ ಹೀಗೇ ಆಗಿತ್ತಲ್ಲಮ್ಮ. ದೇವದೂತ ಹೇಳಿದ್ದನ್ನ ನಂಬ್ಲಿಲ್ಲ, ಮಾತು ನಿಂತುಹೋಯ್ತು. ನಿಮ್ಮನೆಯವ್ರು ಏನನ್ನ ನಂಬ್ಲಿಲ್ಲ ಕೇಳು."

"ಅವ್ರು ಎಲ್ಲಾನೂ ನಂಬ್ತಾರೆ ಆಂಟಿ. ಮೊನ್ನೆ ಫೋನಲ್ಲಿ ಯಾರೋ ಬಹುಮಾನಕ್ಕೆ ಕಾರು ಬಂದಿದೆ ಅಂದ್ರೆ ಅದನ್ನೂ ನಂಬಿದ್ರು."

ಕರುಣಮ್ಮ ಸ್ವಲ್ಪ ತಡೆದು ದನಿ ತಗ್ಗಿಸಿದರು. "ಅಲ್ಲ, ಜಕರೀಯನ ಹೆಂಡ್ತಿ ಎಲಿಸಬೇತಳು ಆಗ ಬಸುರಿ ಆಗಿದ್ಲು, ವಯಸ್ಸಾದ ಮೇಲೆ. ನಿನಗೇನಾದ್ರೂ... ವಿಶೇಷನಾ?"

ಎಸ್ತರ್ ಫೋನನ್ನು ಕಾಳಿನ ಬೋಗುಣಿಗೇ ಬೀಳಿಸಿದಳು. ಸ್ತುತಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಹೊರಗೋಡಿದಳು. ಕೃಪಾಕರ ಎದ್ದು ಕೆಲಸಕ್ಕೆ ಹೊರಟ.

ಕೆಲಸದ ಜಾಗ ದೂರವೇನಲ್ಲ. ಚಿಕ್ಕಲಸಂದ್ರದ ಅದೇ ಕಟ್ಟಡದ ಮುಂಭಾಗದಲ್ಲಿ ಸೀತಾಲಕ್ಷ್ಮಮ್ಮನ ಕಾಫಿಪುಡಿ ಅಂಗಡಿ, ಮಹಡಿಯಲ್ಲಿ ಅವರ ಮನೆ, ಹಿಂಭಾಗದಲ್ಲಿ ಬಾಡಿಗೆಗೆ ಕೃಪಾಕರನ ಸಂಸಾರ. ಅವನು ಅಂಗಡಿಯಲ್ಲಿ ಬೀಜ ಪುಡಿಮಾಡುವ ಮೆಷಿನ್ ನೋಡಿಕೊಳ್ಳುತ್ತಿದ್ದ. ಅದರ ಸದ್ದಿನಲ್ಲಿ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಅದಕ್ಕೇ ಅವನಿಗೆ ಆ ಕೆಲಸ ಇಷ್ಟ.

ಸೀತಾಲಕ್ಷ್ಮಮ್ಮನಿಗೆ ಕಾಫಿಯೇ ಪ್ರಾಣ. ಬೆಳಗಿನ ಕಾಫಿ, ತಿಂಡಿಯ ಮೇಲಿನ ಕಾಫಿ, ಯಾರೂ ಬರಲಿಲ್ಲವಲ್ಲ ಎಂದು ಒಂದು ಕಾಫಿ, ಬಂದರಲ್ಲ ಎಂದು ಇನ್ನೊಂದು. ಬೆರೆಸಿದ ಪ್ರತಿ ಪುಡಿಯ ಡಿಕಾಕ್ಷನ್ನನ್ನು ಅವರು ರುಚಿ ನೋಡಿ "ಹೂಂ" ಎಂದ ಮೇಲೇ ಅದು ಗಿರಾಕಿಗೆ ಹೋಗುತ್ತಿತ್ತು.

ಕೃಪಾಕರ ಒಳಗೆ ಕಾಲಿಡುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಸೀತಾಲಕ್ಷ್ಮಮ್ಮ ಒಂದು ಚೊಂಬು ಮೆಣಸಿನ ಕಷಾಯ ಹಿಡಿದು ನಿಂತಿದ್ದರು.

"ಕುಡಿ. ಪೂರ್ತಿ ಕುಡಿ. ಅಲ್ವೋ ಕೃಪಾ, ನಮ್ಮೆಜಮಾನ್ರು ಹೋದಾಗ ನೀವು ಗಂಡ ಹೆಂಡ್ತಿ ನನ್ನನ್ನ ಒಂದಿನ ಒಬ್ಳೇ ಮಲಗೋಕೆ ಬಿಡ್ಲಿಲ್ಲ. ನಿನಗೆ ಹೀಗಾಯ್ತು ಅಂದ್ರೆ ನಾನು ಸುಮ್ನಿರ್ತೀನಾ? ಬನಶಂಕರಮ್ಮನಿಗೆ ಹೇಳ್ಕೊಂಡ್ಬಿಟ್ಟೆ. ನಿನ್ನ ಸ್ವರ ಬರೋವರ್ಗೂ ನಾನು ಕಾಫಿ ಮುಟ್ಟಲ್ಲ."

ಕಷಾಯ ಕೃಪಾಕರನ ಮೂಗಿಗೆ ಹತ್ತಿತು. ಅವನು ಬೇಡ ಬೇಡ ಎಂದು ಎರಡೂ ಕೈ ಆಡಿಸಿದ.

"ಖಾರ ಅಂತಿದಾರಮ್ಮ" ಎಂದ ಪಿಳ್ಳಪ್ಪ.

ಪಿಳ್ಳಪ್ಪ ಅಂಗಡಿಯ ಲಗೇಜ್ ಆಟೋ ಓಡಿಸುವವನು, ಗೊಟ್ಟಿಗೆರೆಯವನು, ಕೃಪಾಕರನ ಜೀವದ ಗೆಳೆಯ. ಅವತ್ತು ತನ್ನನ್ನು ತಾನೇ ಕೃಪಾಕರನ ಬಾಯಿಯಾಗಿ ನೇಮಿಸಿಕೊಂಡಿದ್ದ. "ನೀನು ಕೈ ಆಡ್ಸು ಗುರು, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡ. ಗಿರಾಕಿಯೊಬ್ಬರಿಗೆ ಕೃಪಾಕರ ಸ್ವಲ್ಪ ಕಾಯಿರಿ ಎಂದು ಕೈ ತೋರಿಸಿದರೆ, "ಚಟ್ನಿಪುಡಿನೂ ಸಖತ್ತಾಗಿದೆ, ತಗೊಂಡ್ಹೋಗಿ ಅಂತಿದಾರೆ ಸಾರ್" ಎಂದು ಮಾರಿಯೂಬಿಟ್ಟ.

ಸಾಯಂಕಾಲದ ಕೂಟಕ್ಕೆ ಕಾಫಿಪುಡಿ ಹೋಗುವುದೂ ಇದೇ ಅಂಗಡಿಯಿಂದ. ಪಿಳ್ಳಪ್ಪ ಚಿಕೋರಿ ಸುರಿಯುತ್ತ "ಸಾಕಾ?" ಎಂದ. ಕೃಪಾಕರ ಸಾಕು ಸಾಕೆಂದು ಕೈ ಬೀಸಿದ. ಪಿಳ್ಳಪ್ಪ "ಇನ್ನೂ ಬೇಕಾ? ಹೋಗ್ಲಿ ಬಿಡು, ದೇವರ ಕೆಲಸ" ಎಂದು ಡಬ್ಬವನ್ನೇ ಬಗ್ಗಿಸಿದ. ರುಚಿ ನೋಡಬೇಕಾದವರು ಹರಕೆ ಹೊತ್ತು ಕೂತಿದ್ದರು.

ಅಷ್ಟರಲ್ಲಿ ಕೃಪಾಕರನ ಫೋನು ಗುಂಯ್‌ಗುಟ್ಟಿತು. ನೋಡಿದರೆ ಅಯ್ಯನವರು. ಸ್ವರ ಹೋದವನು ಫೋನೆತ್ತಿ ಏನು ಮಾಡಬೇಕು? ಅದನ್ನು ಬೀಜದ ಮೂಟೆಯ ಮೇಲೆ ಬೋರಲು ಹಾಕಿದ. ಅದು ಇನ್ನೊಂದು ಸಲ ಗುಂಯ್ ಎಂದು ಸುಮ್ಮನಾಯಿತು.

ಮಧ್ಯಾಹ್ನದ ಹೊತ್ತಿಗೆ ಸೀತಾಲಕ್ಷ್ಮಮ್ಮ ಹಣೆಗೆ ಹಳೇ ಪಂಚೆಯಿಂದ ಹರಿದ ಅಂಚು ಬಿಗಿದು ಕಟ್ಟಿಕೊಂಡಿದ್ದರು. ಸುತ್ತ ಮೂಟೆ ಮೂಟೆ ಕಾಫಿಬೀಜ, ಮೆಷಿನ್ನಿಂದ ಏಳುವ ಘಮ. ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ತಲೆನೋವು ಏರಿದಂತೆ ಮಾತೂ ಏರಿತು.

"ಅರ್ಧ ಕೇಜಿ ಕೊಡಿ ಮೇಡಂ" ಎಂದರು, ಎಂದೂ ತಪ್ಪದೆ ಬರುವ ರಿಟೈರ್ಡ್ ಮೇಷ್ಟ್ರು.

"ಯಾಕ್ರೀ ಅರ್ಧ ಕೇಜಿ? ಈ ವಯಸ್ಸಲ್ಲಿ ಇಷ್ಟು ಕಾಫಿ ಕುಡುದ್ರೆ ನಿದ್ದೆ ಬರತ್ತಾ? ಹೋಗಿ, ರಾಗಿಗಂಜಿ ಕುಡೀರಿ."

ಮೇಷ್ಟ್ರು ಬೋರ್ಡು ನೋಡಿದರು, ಸರಿಯಾದ ಅಂಗಡಿಗೇ ಬಂದಿದ್ದೇನೆಯೇ ಎಂದು.

"ಅಮ್ಮ ಹೀಗೇ ಮಾತಾಡಿದ್ರೆ ನಾಳೆಯಿಂದ ನಾವಿಬ್ರೂ ಗಂಜಿನೇ ಮಾರ್ಬೇಕು ಗುರು" ಎಂದು ಪಿಳ್ಳಪ್ಪ ಪಿಸುಗುಟ್ಟಿದ.

ಕೃಪಾಕರನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ಅವರು ಮೆಚ್ಚುವ ಹಾಗೆಯೇ ನೊರೆ ಬರಿಸಿ ಕಾಫಿ ಮಾಡಿ ತಂದು ಮುಂದಿಟ್ಟು ಕೈ ಮುಗಿದ. ಸೀತಾಲಕ್ಷ್ಮಮ್ಮ ಲೋಟವನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಮೂಗು ಮುಚ್ಚಿಕೊಂಡು, "ತಗೊಂಡ್ಹೋಗೋ. ನನ್ನ ಹರಕೆ ಕೆಡಿಸ್ಬೇಡ. ನಿನ್ನ ಗಂಟ್ಲಿಗಿಂತ ನನ್ನ ನಾಲಿಗೆ ಹೆಚ್ಚಾ?" ಎಂದರು.

ನಿಜ ಹೇಳಿಬಿಡಲೇ ಎಂದು ಕೃಪಾಕರ ಬಾಯಿ ತೆರೆದ. ಗೋಡೆಯ ಗಡಿಯಾರ ಕಂಡಿತು. ಇನ್ನೊಂದಿಷ್ಟು ಗಂಟೆ. ಕೂಟವೊಂದು ಮುಗಿದರೆ ಸಾಕು, ಮನೆಗೆ ಬಂದು ನಿಧಾನವಾಗಿ ಕೆಮ್ಮಿ, ಸ್ವರ ಬಂತು ಎಂದರಾಯಿತು. ತೆರೆದ ಬಾಯನ್ನು ಹಾಗೇ ಮುಚ್ಚಿದ. ಪಿಳ್ಳಪ್ಪ ಇದನ್ನು ಹಸಿವು ಎಂದು ತಿಳಿದು, ಹೆಂಡತಿ ನಾಗಲಕ್ಷ್ಮಮ್ಮನಿಂದ ನಾಟಿಕೋಳಿ ಸಾರು ತರಿಸಿ, ಮೆಷಿನ್ನಿನ ಹಿಂದೆ ಕೂರಿಸಿ ಕುಡಿಸಿದ. "ಎಂಥಾ ಗಂಟ್ಲಾದ್ರೂ ಬಿಟ್ಕೊಳ್ಳತ್ತೆ ಮಗಾ, ನಮ್ಮಪ್ಪ ಇದನ್ನ ಕುಡುದು ಗೊಟ್ಟಿಗೆರೆಯಿಂದ ಕೂಗಿದ್ರೆ ಬನ್ನೇರುಘಟ್ಟಕ್ಕೆ ಕೇಳ್ಸೋದು."

ಹೊತ್ತಿಳಿದಾಗ ಸೀತಾಲಕ್ಷ್ಮಮ್ಮ ಅಂಗಡಿಯ ಷಟರು ಎಳೆಸಿದರು. "ನಾನೂ ಬರ್ತೀನಿ ನಿಮ್ಮ ಚರ್ಚಿಗೆ. ಬನಶಂಕರಮ್ಮನಿಗೆ ಹೇಳಾಯ್ತು, ನಿಮ್ಮ ಯೇಸಪ್ಪನಿಗೂ ಒಂದು ಮಾತು ಹೇಳ್ಬಿಡ್ತೀನಿ." ಲಗೇಜ್ ಆಟೋದಲ್ಲಿ ಪಿಳ್ಳಪ್ಪನ ಪಕ್ಕ ಅವರು, ಹಿಂದೆ ಕಾಫಿಪುಡಿಯ ಡಬ್ಬ ಹಿಡಿದುಕೊಂಡು ಕೃಪಾಕರನ ಸಂಸಾರ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಮುಂದಿನಿಂದ "ಅಮ್ಮಾ, ನನ್ನ ತಲೆ" ಎಂಬ ಕೂಗು ಕೇಳುತ್ತಿತ್ತು. ಒಂದೊಂದು ಕೂಗಿಗೂ ಕೃಪಾಕರನ ಕತ್ತು ಒಳಕ್ಕೆ ಒಂದಿಷ್ಟು ಇಳಿಯುತ್ತಿತ್ತು.

ಸಭೆ ತುಂಬಿತ್ತು. ಒಳಗೆ ಹೋಗುತ್ತಿದ್ದಂತೆ ಎಲ್ಲರೂ ಎದ್ದರು. ಸಭೆಯಲ್ಲಿ ಹಾಡುವ ಕ್ವಾಯರಿನವರು ಅವನಿಗಾಗಿ ಮಧ್ಯಾಹ್ನದ ಊಟ ಬಿಟ್ಟು ಉಪವಾಸವಿದ್ದರಂತೆ. ಕುಮಾರಸ್ವಾಮಿ ಲೇಔಟಿನಿಂದ ಮಂಡಿನೋವಿನ ಅಜ್ಜಿಯೊಬ್ಬರು ಬಸ್ಸು ಬದಲಾಯಿಸಿ ಬಂದಿದ್ದರು. ಕರುಣಮ್ಮ ಅವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಮೊದಲು ಎಸ್ತರಳ ಹೊಟ್ಟೆಯ ಕಡೆ ಒಂದು ಕಣ್ಣು ಹಾಯಿಸಿ, ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟರು. ಒಬ್ಬೊಬ್ಬರಾಗಿ ಬಂದು ಕೈಯಿಟ್ಟರು. ಕೈಗಳ ಭಾರಕ್ಕೆ ಕೃಪಾಕರ ಕುರ್ಚಿಯಲ್ಲಿ ಕುಸಿದ. ತಾನು ಯಾರಿಗೂ ಕಾಣದವನೆಂದು ಇಷ್ಟು ದಿನ ಅಂದುಕೊಂಡಿದ್ದ. ಎಲ್ಲರಿಗೂ ಅವನ ಹೆಸರು ಗೊತ್ತಿತ್ತು.

ಹಿಂದಿನ ಮೇಜಿನ ಮೇಲೆ ಆಗಲೇ ಕಾಫಿ ಬೆರೆಸುತ್ತಿದ್ದರು. ಬಿಸಿ ಹಾಲಿಗೆ ಡಿಕಾಕ್ಷನ್ ಬಿದ್ದ ವಾಸನೆ ಫ್ಯಾನಿನ ಗಾಳಿಗೆ ಮುಂದಕ್ಕೆ ಬಂತು. ಪಕ್ಕದ ಕುರ್ಚಿಯಲ್ಲಿದ್ದ ಸೀತಾಲಕ್ಷ್ಮಮ್ಮ ಒಮ್ಮೆ ಉಸಿರೆಳೆದುಕೊಂಡರು. ಅವರ ಕಣ್ಣು ಮೇಲಕ್ಕೆ ಹೋಯಿತು, ಕೈ ಜೋತುಬಿತ್ತು, ತಲೆ ಮೆಲ್ಲಗೆ ಪಿಳ್ಳಪ್ಪನ ಭುಜಕ್ಕೆ ವಾಲಿತು.

"ಅಮ್ಮಾ!" ಕೃಪಾಕರ ಅಷ್ಟೂ ಕೈಗಳನ್ನು ಕೊಡವಿಕೊಂಡು ಎದ್ದ. "ಕಾಫಿ ಕುಡೀರಮ್ಮಾ! ನನ್ನ ಗಂಟ್ಲು ಚೆನ್ನಾಗಿದೆ! ಯಾರಾದ್ರೂ ಕಾಫಿ ತನ್ರೀ!"

ಕರುಣಮ್ಮ "ದೇವರಿಗೆ ಸ್ತೋತ್ರ!" ಎಂದು ಕೂಗಿದರು ನೋಡಿ, ತಗಡಿನ ಮಾಡು ಅದುರಿತು. ಮಂಡಿನೋವಿನ ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಿಳ್ಳಪ್ಪ ಕಣ್ಣೊರೆಸಿಕೊಂಡು, "ನಾಟಿಕೋಳಿ ಸಾರು ಅಂದ್ರೆ ಸುಮ್ನೇನಾ" ಎಂದ. ಸೀತಾಲಕ್ಷ್ಮಮ್ಮನ ಕೈಗೆ ಲೋಟ ಬಂತು. ಒಂದು ಗುಟುಕು ಇಳಿಯಿತು. ಮುಖಕ್ಕೆ ಬಣ್ಣ ತಿರುಗಿತು. ಕಣ್ಣು ಪೂರ್ತಿ ಬಿಟ್ಟು ಅವರು ಆಡಿದ ಮೊದಲ ಮಾತು, "ಯಾವನೋ ಇದಕ್ಕೆ ಇಷ್ಟು ಚಿಕೋರಿ ಸುರ್ದವ್ನು?"

ಕೃಪಾಕರ ಅಯ್ಯನವರ ಹತ್ತಿರ ಹೋಗಿ ಮೆಲ್ಲಗೆ, "ಅಯ್ಯನವ್ರೇ, ಇವತ್ತು ಸಾಕ್ಷಿಗೆ ಹೇಗೂ ಹೊತ್ತಾಯ್ತಲ್ಲ..." ಎಂದ.

ಅಯ್ಯನವರು ಅವನ ಬೆನ್ನು ತಟ್ಟಿದರು. "ಇವತ್ತು ಸಾಕ್ಷಿ ಇರ್ಲೇ ಇಲ್ಲ ಕೃಪಾಕರ್! ಮಕ್ಕಳ ನಾಟಕ ಉದ್ದ ಆಯ್ತು ಅಂತ ಸಾಕ್ಷೀನೇ ಕೈಬಿಟ್ಟಿದ್ವಿ. ನಿಮ್ಗೆ ಹೇಳೋಣ ಅಂತ ಬೆಳಿಗ್ಗೆ ಎರಡು ಸಲ ಫೋನ್ ಮಾಡ್ದೆ, ನೀವು ಎತ್ಲಿಲ್ಲ. ಆಮೇಲೆ ಗ್ರೂಪ್ ನೋಡ್ದೆ, ಸ್ವರಾನೇ ಇಲ್ದವರಿಗೆ ಹೇಳೋದೇನು ಅಂತ ಸುಮ್ನಾದೆ."

ಕೃಪಾಕರನಿಗೆ ಬೀಜದ ಮೂಟೆಯ ಮೇಲೆ ಬೋರಲು ಬಿದ್ದಿದ್ದ ಫೋನು ಕಣ್ಣಮುಂದೆ ಬಂತು.

"ಈಗ ನೋಡಿ," ಎಂದರು ಅಯ್ಯನವರು, ಅವನ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತ, "ಇಂಥಾ ಉಪಕಾರ ಆದ್ಮೇಲೆ ನೀವು ಮಾತಾಡ್ದೆ ಬಿಡೋಕಾಗತ್ತಾ? ನಾಟಕ ನಾಳೆ ಮಾಡಿದ್ರಾಯ್ತು. ಎಷ್ಟೊತ್ತು ಬೇಕಾದ್ರೂ ಹೇಳಿ."

ಕುರಿ, ಕುರುಬರ ವೇಷ ಹಾಕಿಕೊಂಡು ಕಾದಿದ್ದ ಮಕ್ಕಳು ಅವನನ್ನು ದುರುಗುಟ್ಟಿ ನೋಡಿದರು. ಸ್ತುತಿ ವಿಡಿಯೋಗೆ ಫೋನೆತ್ತಿ ಹಿಡಿದಳು. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು.

ಕೃಪಾಕರ ಎದುರಿಗೆ ನೋಡಿದ. ಉಪವಾಸದಿಂದ ಬಾಡಿದ ಕ್ವಾಯರಿನವರು. ಅಜ್ಜಿ. ಪಿಳ್ಳಪ್ಪ. ಎರಡು ದಿನ ಹಳೆಯದೆನ್ನುವ ಹಾಗೆ ಮುಖ ಮಾಡಿಕೊಂಡು, ಆದರೂ ಬಿಡದೆ ಆ ಕಾಫಿ ಕುಡಿಯುತ್ತಿದ್ದ ಸೀತಾಲಕ್ಷ್ಮಮ್ಮ. ನಾಲಿಗೆಯ ಷಟರು, ಹೇಗೋ, ಪೂರ್ತಿ ಮೇಲೆ ಹೋಯಿತು.

"ನನ್ನ ಗಂಟ್ಲಿಗೆ ಏನೂ ಆಗಿರ್ಲಿಲ್ಲ" ಎಂದ. "ಬೆಳಿಗ್ಗೆಯಿಂದ್ಲೂ ಸರಿಯಾಗೇ ಇತ್ತು. ಈ ಮೈಕಿಗೆ ಹೆದರಿ ಸುಳ್ಳಾಡ್ದೆ. ಈ ವರ್ಷ ದೇವ್ರು ನನಗೇನು ಮಾಡಿದಾನೆ ಅಂತ ತಿಂಗಳಿಂದ ಯೋಚ್ನೆ ಮಾಡಿದ್ರೂ ಹೊಳ್ದಿರ್ಲಿಲ್ಲ. ಇವತ್ತು ಗೊತ್ತಾಯ್ತು. ನನಗೆ ಊಟ ಬಿಡೋರಿದಾರೆ, ಬಸ್ ಹತ್ತಿ ಬರೋರಿದಾರೆ. ನಮ್ಮಮ್ಮ ಕಾಫಿ ಬಿಟ್ರು. ಇಷ್ಟೆಲ್ಲಾ ನನಗಿದೆ ಅಂತ ನನಗೇ ಗೊತ್ತಿರ್ಲಿಲ್ಲ. ದೇವರಿಗೆ ಸ್ತೋತ್ರ."

ಯಾರೂ ಆಮೆನ್ ಎನ್ನಲಿಲ್ಲ. ಎಸ್ತರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಕರುಣಮ್ಮನ ಬಾಯಿ ತೆರೆದೇ ಇತ್ತು. ಸೀತಾಲಕ್ಷ್ಮಮ್ಮ ಲೋಟವನ್ನು ಬಾಯಿಂದ ಇಳಿಸಿ, ಅದನ್ನೊಮ್ಮೆ ನೋಡಿ, ಅವನನ್ನೊಮ್ಮೆ ನೋಡಿದರು.

ಕೃಪಾಕರ ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದ.

"ನಾನಿನ್ನು ಕೂತ್ಕೊಳ್ಲಾ?"