ನಮ್ಮಣ್ಣನ ಐರ್ಲೆಂಡ್ ಹುಚ್ಚು

ನಮ್ಮಣ್ಣನಷ್ಟು ಓದಿಯೂ ಅವನಷ್ಟು ಕೆಲಸಕ್ಕೆ ಬಾರದವನು ಇಡೀ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬನಿಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಒಡಹುಟ್ಟಿದವಳ ಅನುಭವ! ಸಾವಿರದಿನ್ನೂರು ವರ್ಷಗಳ ಹಿಂದಿನ ಐರ್ಲೆಂಡಿನಲ್ಲಿ ಯಾರ ಹಸು ಯಾರ ಹೊಲಕ್ಕೆ ನುಗ್ಗಿತು ಎಂದು ಕೇಳಿ, ಹೇಳುತ್ತಾನೆ. ನನ್ನ ಗಂಡನ ಹೆಸರು ಮಾತ್ರ ಆಗಾಗ ಮರೆಯುತ್ತದೆ.

ಮೈಸೂರಿನಿಂದ ಅವನು ಮೆಲ್ಬರ್ನಿಗೆ ಬಂದದ್ದು ಅಕೌಂಟಿಂಗ್ ಓದಲು. ಓದಿದರೆ ಪಿಆರ್, ಅಂದರೆ ಇಲ್ಲೇ ಕಾಯಂ ಉಳಿಯುವ ಪರವಾನಗಿ, ಸಿಕ್ಕಿತು ಎಂದೇ ಎಲ್ಲರೂ ಹೇಳುತ್ತಿದ್ದ ಕಾಲ ಅದು. ಎರಡನೇ ಸೆಮಿಸ್ಟರಿಗೆ ಅಲ್ಲಿನ ಬಾಕ್ಸ್ ಹಿಲ್ ಬಡಾವಣೆಯ ಅವನ ರೂಮಿನಿಂದ ಫೋನು ಬಂತು.

"ಲೇ, ಪಕ್ಕದ್ಮನೆ ಜೇನುಹುಳ ನಿನ್ ತೋಟದ ಹೂವಿಗೆ ಬಂದ್ರೆ ಜೇನಲ್ಲಿ ನಿಂಗೂ ಪಾಲು! ಹಳೇ ಐರ್ಲೆಂಡಿನ ಕಾನೂನು ಕಣೇ. ನಾನು ಕೋರ್ಸ್ ಚೇಂಜ್ ಮಾಡ್ದೆ."

ನಾನಿರುವುದು ಸಿಡ್ನಿಯ ಎಪ್ಪಿಂಗಿನಲ್ಲಿ, ಮೂರನೇ ಮಹಡಿಯಲ್ಲಿ. ತೋಟವನ್ನು ಎಲ್ಲಿಂದ ತರಲಿ?

ಡಾಕ್ಟರೇಟ್ ಬಂತು, ಕೆಲಸ ಬರಲಿಲ್ಲ. ಸೆಮಿಸ್ಟರ್ ಇದ್ದಾಗ ಮೆಲ್ಬರ್ನಿನಲ್ಲಿ ಗಂಟೆ ಲೆಕ್ಕದ ಪಾಠ, ರಜೆ ಬಂದರೆ ನಮ್ಮ ಸೋಫಾ. ಸಿಡ್ನಿಯ ರೌಸ್ ಹಿಲ್ಲಿನಲ್ಲಿ ಅವನಿಗೊಂದು ಹುಡುಗಿ ನೋಡಲು ಕರೆದುಕೊಂಡು ಹೋದೆ. ಹುಡುಗಿಯ ತಂದೆ ಮೆಲ್ಲಗೆ ಕೇಳಿದರು: "ಜಾಬ್ ಪರ್ಮನೆಂಟಾ?"

"ಅಂಕಲ್, ನಾನು ಸ್ಟಡಿ ಮಾಡೋ ಜನ ಸತ್ತು ಸಾವಿರ ವರ್ಷದ ಮೇಲಾಯ್ತು. ಅದಕ್ಕಿಂತ ಪರ್ಮನೆಂಟ್ ಏನಿದೆ?"

ಕೇಸರಿಬಾತ್ ಕೂಡ ಪೂರ್ತಿ ತಿನ್ನದೆ ಎದ್ದು ಬಂದೆವು.

ಅವನು ಓದಿದ ವಿಷಯದಲ್ಲಿ ಕಾಯಂ ಹುದ್ದೆ ಖಾಲಿಯಾಗುವುದು ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದು. ಕೊನೆಗೂ ಸಿಡ್ನಿಯಲ್ಲೇ ಒಂದು ಖಾಲಿಯಾಯಿತು, ಇಂಟರ್ವ್ಯೂಗೂ ಕರೆದರು! ಕೊರಳಿಗೆ ಟೈ ನಾನೇ ಕಟ್ಟಿದೆ. ಅದೇ ಬೆಳಗ್ಗೆ ನನಗೊಂದು ಟೆಸ್ಟೂ ಇತ್ತು, ಎದೆಯಲ್ಲಿ ಕೈಗೆ ಸಿಕ್ಕಿದ ಗಂಟಿಗೆ. ಹೆದರಿಕೊಂಡು ಎರಡು ಸಲ ಕ್ಯಾನ್ಸಲ್ ಮಾಡಿದ್ದೆ. ಮೂರನೆಯ ಸಲ ತಪ್ಪಿಸಿಕೊಳ್ಳಲು ಇವನನ್ನು ಇಂಟರ್ವ್ಯೂಗೆ ಬಿಡಬೇಕೆಂಬ ನೆಪ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ. ನಾನು ಸ್ನಾನಕ್ಕೆ ಹೋಗಿದ್ದಾಗ ಕ್ಲಿನಿಕ್ಕಿನವರು ಫೋನ್ ಮಾಡಿದ್ದಾರೆ, ಇವನು ಎತ್ತಿದ್ದಾನೆ, ಎಲ್ಲ ಗೊತ್ತಾಗಿದೆ.

ಕಾರಿನ ಕೀ ಹಿಡಿದು ಬಾಗಿಲು ತೆರೆದರೆ, ಹೊಸ್ತಿಲಾಚೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ!

"ಏಳಪ್ಪಾ, ಒಂಬತ್ತಾಯ್ತು!"

"ಏಳಲ್ಲ. ಹಳೇ ಐರ್ಲೆಂಡಲ್ಲಿ ದೊಡ್ಡೋರು ನ್ಯಾಯದ ಮಾತು ಕೇಳ್ದಿದ್ರೆ ಕೈಲಾಗದೋನು ಅವರ ಬಾಗಿಲಲ್ಲಿ ಉಪವಾಸ ಕೂರ್ತಿದ್ದ. ಒಳಗಿರೋರೂ ತಿನ್ನೋ ಹಾಗಿಲ್ಲ, ತಿಂದ್ರೆ ಮರ್ಯಾದೆ ಹೋಯ್ತು. ಟೆಸ್ಟಿಗೆ ನಡಿ."

"ನಾನ್ಯಾವ ದೊಡ್ಡೋಳು? ನಿನ್ ತಂಗಿ!"

"ಇಷ್ಟು ವರ್ಷ ಅನ್ನ ಹಾಕಿದೀಯ. ನಂಗೆ ನೀನೇ ರಾಜ."

ಬೈದೆ, ಕೈ ಮುಗಿದೆ, ಅತ್ತೆ. ಪಕ್ಕದ ಮನೆಯ ಚೀನೀ ಅಜ್ಜಿ ತರಕಾರಿ ಚೀಲ ಹಿಡಿದು ಅವನನ್ನು ಬಳಸಿಕೊಂಡು ಹೋದಳು. ಒಳಗೆ ಉಪ್ಪಿಟ್ಟು ಆರುತ್ತಿತ್ತು. ಹಟಕ್ಕೆ ಒಂದು ಚಮಚ ಎತ್ತಿದೆ. ಬಾಯಿಗೆ ಹೋಗಲಿಲ್ಲ.

"ಹತ್ತಾಯ್ತು. ನಿನ್ನ ಇಂಟರ್ವ್ಯೂ..."

"ಗೊತ್ತು," ಎಂದ. ಕದಲಲಿಲ್ಲ.

ನಾನು ಚಪ್ಪಲಿ ಮೆಟ್ಟಿದೆ.

ಕ್ಲಿನಿಕ್ಕಿನಲ್ಲಿ ಹೆಂಗಸರ ಸಾಲಿನ ನಡುವೆ, ತೊಡೆಯ ಮೇಲೆ ನನ್ನ ಹ್ಯಾಂಡ್‌ಬ್ಯಾಗ್ ಇಟ್ಟುಕೊಂಡು ಕೂತಿದ್ದ. ನಾನು ಕಟ್ಟಿದ ಟೈ ಇನ್ನೂ ಕೊರಳಲ್ಲೇ ಇತ್ತು. ಗಂಟು ಕೆಟ್ಟದ್ದೇ, ಆದರೆ ಬೇಗ ಬಂದಿರಿ ಎಂದರು ಡಾಕ್ಟರು, ವಾರದ ನಂತರ ರಿಪೋರ್ಟ್ ನೋಡಿ.

ಆ ಕೆಲಸ ಬೇರೆ ಯಾರಿಗೋ ಹೋಯಿತು. ನಾನು ಉಳಿದೆ.